ಮನೆಯ ಹೊರಗಿನ ಸೀಮೆಎಣ್ಣೆ ಬಾಯ್ಲರ್ ಅರ್ಧ ಗಂಟೆ ಉರಿದು ಲಾಕೌಟ್ ಆಗುತ್ತಿದೆ: ದೋಷ ಎಲ್ಲಿರಬಹುದು?

ಪ್ರಶ್ನೆ: ಅಥ್ಲೋನ್ ವಾಸಿ

ಎಲ್ಲರಿಗೂ ನಮಸ್ಕಾರ.

ಐರ್ಲೆಂಡಿನ ನಡುಭಾಗದಲ್ಲಿ, ಅಥ್ಲೋನ್ ಪಟ್ಟಣದಿಂದ ಸ್ವಲ್ಪ ದೂರದ ಹಳ್ಳಿಯೊಂದರಲ್ಲಿ ನಾವು ಕಳೆದ ವರ್ಷ ಹಳೆಯ ಮನೆಯೊಂದನ್ನು ಕೊಂಡು ವಾಸವಾಗಿದ್ದೇವೆ. ಈ ಕಡೆಗೆ ಗ್ಯಾಸ್ ಪೈಪ್‌ಲೈನ್ ಬಂದಿಲ್ಲವಾದ್ದರಿಂದ, ಸುತ್ತಲಿನ ಬಹುಪಾಲು ಮನೆಗಳಂತೆ ನಮ್ಮ ಮನೆಯೂ ಸೀಮೆಎಣ್ಣೆಯ ಬಾಯ್ಲರ್‌ನಿಂದಲೇ ಬೆಚ್ಚಗಾಗಬೇಕು. ಬಾಯ್ಲರ್ ಮನೆಯೊಳಗಿಲ್ಲ, ಹಿತ್ತಿಲ ಗೋಡೆಗೆ ಹೊಂದಿಕೊಂಡಂತೆ, ಹಸಿರು ಬಣ್ಣದ ತಗಡಿನ ಪೆಟ್ಟಿಗೆಯೊಳಗೆ ಬಯಲಿನಲ್ಲೇ ನಿಂತಿದೆ. ಹಿತ್ತಿಲ ಕೊನೆಯಲ್ಲಿ ಕಟ್ಟೆಯ ಮೇಲೆ ಸಾವಿರ ಲೀಟರಿನ ಪ್ಲಾಸ್ಟಿಕ್ ಟ್ಯಾಂಕ್ ಇದ್ದು, ಅಲ್ಲಿಂದ ನೆಲದೊಳಗೆ ಹಾಯ್ದ ತಾಮ್ರದ ಒಂದೇ ಕೊಳವೆಯಲ್ಲಿ ಎಣ್ಣೆ ತಾನಾಗಿ ಇಳಿದು ಬರ್ನರ್‌ಗೆ ಬರುತ್ತದೆ. ಬಚ್ಚಲುಮನೆಯ ತಾಮ್ರದ ಬಾಯ್ಲರನ್ನು ಮಾತ್ರ ಕಂಡ ಊರಿನ ಓದುಗರಿಗಾಗಿ ಇಷ್ಟು ಹೇಳಬೇಕು: ಇದು ಕಾಯಿಸಿದ ನೀರು ಮನೆಯ ಎಲ್ಲ ಕೋಣೆಗಳ ರೇಡಿಯೇಟರ್‌ಗಳಲ್ಲಿ ಸುತ್ತಿ ಮರಳುತ್ತದೆ, ಇದು ನಿಂತರೆ ಚಳಿಗಾಲದಲ್ಲಿ ಮನೆಯೇ ನಿಂತಂತೆ.

ಈಗ ತೊಂದರೆಯ ವಿಚಾರಕ್ಕೆ ಬರುತ್ತೇನೆ. ಟೈಮರ್ ಆನ್ ಆದ ಕೂಡಲೇ ಬರ್ನರ್‌ನ ಫ್ಯಾನ್ ತಿರುಗುತ್ತದೆ, ಸ್ವಲ್ಪ ಹೊತ್ತಿನ ಮೇಲೆ 'ಟಕ್' ಎಂಬ ಸದ್ದಾಗಿ ಜ್ವಾಲೆ ಹತ್ತಿಕೊಳ್ಳುತ್ತದೆ, ರೇಡಿಯೇಟರ್‌ಗಳು ಚೆನ್ನಾಗಿಯೇ ಬಿಸಿಯಾಗುತ್ತವೆ. ಆದರೆ ಸುಮಾರು ಅರ್ಧ ಗಂಟೆಯ ನಂತರ ಅದು ನಿಂತುಹೋಗಿ, ಬರ್ನರ್‌ನ ಮೇಲಿನ ಗುಂಡಿಯಲ್ಲಿ ಕೆಂಪು ದೀಪ ಹೊತ್ತಿಕೊಂಡಿರುತ್ತದೆ; ಬರ್ನರ್ ಹೀಗೆ ತನ್ನನ್ನೇ ತಡೆದುಕೊಂಡು ನಿಲ್ಲುವುದಕ್ಕೇ ಲಾಕೌಟ್ ಎನ್ನುತ್ತಾರೆ. ಗುಂಡಿಯನ್ನು ಒತ್ತಿ ರೀಸೆಟ್ ಮಾಡಿದರೆ ಕೆಲವೊಮ್ಮೆ ಮತ್ತೆ ಹೊತ್ತುತ್ತದೆ, ಕೆಲವೊಮ್ಮೆ ಫ್ಯಾನ್ ಮಾತ್ರ ತಿರುಗಿ ಮತ್ತೆ ಕೆಂಪು ದೀಪವೇ ಬರುತ್ತದೆ. ಈ ತೊಂದರೆ ಶುರುವಾದದ್ದು ಟ್ಯಾಂಕಿಗೆ ಹೊಸದಾಗಿ 500 ಲೀಟರ್ ಎಣ್ಣೆ ತುಂಬಿಸಿದ ಮೇಲೆ. ಹಾಗಾಗಿ ಎಣ್ಣೆಯೇ ಕಲಬೆರಕೆಯದೋ ಎಂಬ ಅನುಮಾನವೂ ನನಗಿದೆ.

ಒಬ್ಬ ಮೆಕ್ಯಾನಿಕ್ ಬಂದು ಎಣ್ಣೆ ಚಿಮ್ಮುವ ನಾಜಲ್ ಮತ್ತು ಜ್ವಾಲೆಯ ಬೆಳಕನ್ನು ಗುರುತಿಸುವ ಫೋಟೋಸೆಲ್ ಎರಡನ್ನೂ ಬದಲಿಸಿ, ಎದುರಿಗೇ ಉರಿಸಿ ತೋರಿಸಿ, ಹಣ ಪಡೆದು ಹೋದರು. ಅವರು ಗೇಟು ದಾಟಿದ ಸ್ವಲ್ಪ ಹೊತ್ತಿಗೆ ಅದು ಮತ್ತೆ ನಿಂತಿತು. ಫೋನಿನಲ್ಲಿ ಕೇಳಿದಾಗ, "ಬಾಯ್ಲರ್ ಹಳತಾಗಿದೆ, ಹೊಸದನ್ನೇ ಹಾಕಿಸಿಬಿಡಿ" ಎಂದರು. ಬಾಯ್ಲರ್‌ಗೆ ಹನ್ನೆರಡು ವರ್ಷವಾಗಿದೆ; ಎಲ್ಲಿಯೂ ನೀರು ಸೋರುತ್ತಿಲ್ಲ, ತಗಡೂ ತುಕ್ಕು ಹಿಡಿದಿಲ್ಲ. ಇಷ್ಟಕ್ಕೇ ಸಾವಿರಾರು ಯೂರೋ ಸುರಿದು ಹೊಸದನ್ನು ಹಾಕಿಸುವುದು ಸರಿಯೇ? ಅದಕ್ಕೂ ಮೊದಲು ನಾನೇ ಸುರಕ್ಷಿತವಾಗಿ ಏನನ್ನು ಪರೀಕ್ಷಿಸಬಹುದು, ಯಾವುದಕ್ಕೆ ಕೈ ಹಾಕಬಾರದು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಕಾರ್ಕ್ ಕನ್ನಡಿಗ

ನಮ್ಮ ಮನೆಯಲ್ಲಿರುವುದು ಗ್ಯಾಸ್ ಬಾಯ್ಲರ್, ಆದ್ದರಿಂದ ಬರ್ನರ್‌ನ ಒಳಗಿನ ವಿಚಾರ ನನಗೆ ಅಷ್ಟಾಗಿ ತಿಳಿಯದು. ಆದರೂ ನೀರಿನ ಒತ್ತಡವನ್ನು ತೋರಿಸುವ ಮುಳ್ಳು ಎಷ್ಟರಲ್ಲಿದೆ ಎಂದು ಮೊದಲು ನೋಡಿ. ತಣ್ಣಗಿರುವಾಗ ಅದು 1 ರಿಂದ 1.5 ಬಾರ್ ನಡುವೆ ಇರಬೇಕು. ನಮ್ಮಲ್ಲಿ ಒತ್ತಡ ಇಳಿದಾಗಲೆಲ್ಲ ಬಾಯ್ಲರ್ ನಿಲ್ಲುತ್ತಿತ್ತು. ನೀರು ತುಂಬಿಸಿದ ಮೇಲೆ ಸರಿಹೋಗುತ್ತಿತ್ತು. ಹಾಗೆಯೇ ನೀರನ್ನು ಸುತ್ತಿಸುವ ಪಂಪ್ ತಿರುಗುತ್ತಿದೆಯೇ ಎಂದೂ ಗಮನಿಸಿ. ಪಂಪ್ ನಿಂತರೆ ಬಾಯ್ಲರ್‌ನಲ್ಲಿರುವ ನೀರು ಅಲ್ಲಿಯೇ ಕುದಿಯಲು ಹತ್ತಿ, ಅತಿ ಬಿಸಿಯಿಂದ ಕಾಪಾಡುವ ಥರ್ಮೋಸ್ಟಾಟ್ ಬರ್ನರನ್ನು ನಿಲ್ಲಿಸಿಬಿಡುತ್ತದೆ.

ಉತ್ತರ 2: ಗಾಲ್ವೇ ಬರ್ನರ್ ಕೆಲಸದವ

ನಾನು ಮೂಲತಃ ದಾವಣಗೆರೆಯ ಕಡೆಯವನು; ಈಗ ಗಾಲ್ವೇ ಸುತ್ತಮುತ್ತ ಆಯಿಲ್ ಬರ್ನರ್ ಸರ್ವೀಸ್ ಮಾಡುವ ಕೆಲಸದಲ್ಲಿದ್ದೇನೆ. ಕಾರ್ಕ್‌ನ ಗೆಳೆಯರು ಹೇಳಿದ ಎರಡೂ ಅಂಶಗಳು ನೋಡತಕ್ಕವೇ ಸರಿ, ಆದರೆ ನಿಮ್ಮ ಬಾಯ್ಲರ್‌ನ ಕೆಂಪು ದೀಪ ಬೇರೆಯದೇ ಸಂಗತಿಯನ್ನು ಹೇಳುತ್ತಿದೆ. ಅತಿ ಬಿಸಿಯ ಥರ್ಮೋಸ್ಟಾಟ್ ತುಂಡರಿಸಿದರೆ ಬರ್ನರ್‌ಗೆ ಬರುವ ವಿದ್ಯುತ್ತೇ ನಿಲ್ಲುತ್ತದೆ. ಆಗ ಫ್ಯಾನೂ ಇಲ್ಲ, ಕೆಂಪು ದೀಪವೂ ಇಲ್ಲ. ಟೈಮರ್, ಕೋಣೆಯ ಥರ್ಮೋಸ್ಟಾಟ್, ಫ್ಯೂಸ್ ಇವುಗಳ ದೋಷವೂ ಹಾಗೆಯೇ ಸದ್ದಿಲ್ಲದೆ ನಿಲ್ಲಿಸುತ್ತದೆ. ಬರ್ನರ್‌ನ ಮೇಲೆ ಕೆಂಪು ದೀಪ ಬಂದಿದೆ ಎಂದರೆ ಅದಕ್ಕೆ ವಿದ್ಯುತ್ ಬಂದಿದೆ, ಉರಿಯಬೇಕೆಂಬ ಆಜ್ಞೆಯೂ ಬಂದಿದೆ, ಅದು ಪ್ರಯತ್ನಿಸಿ ಸೋತಿದೆ ಎಂದೇ ಅರ್ಥ. ಆದ್ದರಿಂದ ಮನೆಯೊಳಗಿನ ಥರ್ಮೋಸ್ಟಾಟ್, ರೇಡಿಯೇಟರ್, ನೀರಿನ ಒತ್ತಡ ಇವೆಲ್ಲವನ್ನೂ ಸದ್ಯಕ್ಕೆ ಬದಿಗಿಟ್ಟು ಬರ್ನರ್‌ನ ಕಡೆಗೆ ಮಾತ್ರ ನೋಡೋಣ.

ಬರ್ನರ್ ಕೆಲಸ ಮಾಡುವ ಕ್ರಮ ತಿಳಿದರೆ ಅರ್ಧ ದೋಷ ತಾನಾಗಿ ಗೊತ್ತಾಗುತ್ತದೆ. ಒಂದೇ ಮೋಟಾರು ಫ್ಯಾನನ್ನೂ ಎಣ್ಣೆಯ ಪಂಪನ್ನೂ ತಿರುಗಿಸುತ್ತದೆ. ಮೊದಲ ಹತ್ತು ಹನ್ನೆರಡು ಸೆಕೆಂಡು ಬರಿಯ ಗಾಳಿ ಮಾತ್ರ ಹಾಯ್ದು, ಒಳಗೆ ಉಳಿದ ಹೊಗೆಯನ್ನು ಹೊರಗೆ ನೂಕುತ್ತದೆ. ಅಷ್ಟರಲ್ಲಿ ಎಲೆಕ್ಟ್ರೋಡುಗಳ ನಡುವೆ ಕಿಡಿ ಹಾರುತ್ತಿರುತ್ತದೆ. ಆಮೇಲೆ ಸೊಲೆನಾಯ್ಡ್ ಕಾಯಿಲ್, ಎಂದರೆ ವಿದ್ಯುತ್ ಹರಿದಾಗ ಅಯಸ್ಕಾಂತವಾಗುವ ತಂತಿಯ ಸುರುಳಿ, ಎಣ್ಣೆಯ ವಾಲ್ವನ್ನು ಎತ್ತುತ್ತದೆ. ನೀವು ಕೇಳಿದ 'ಟಕ್' ಸದ್ದು ಅದರದ್ದೇ. ಎಣ್ಣೆ ನಾಜಲ್‌ನಿಂದ ಮಂಜಿನಂತೆ ಚಿಮ್ಮಿ ಹೊತ್ತಿಕೊಳ್ಳುತ್ತದೆ. ಆ ಬೆಳಕನ್ನು ಫೋಟೋಸೆಲ್ ಸುಮಾರು ಐದು ಸೆಕೆಂಡಿನೊಳಗೆ ಕಾಣಬೇಕು. ಕಾಣದಿದ್ದರೆ ಕಂಟ್ರೋಲ್ ಬಾಕ್ಸ್ ಎಲ್ಲವನ್ನೂ ನಿಲ್ಲಿಸಿ ಲಾಕೌಟ್ ಆಗುತ್ತದೆ. ಉರಿಯುತ್ತಿರುವಾಗ ನಡುವೆ ಜ್ವಾಲೆ ಆರಿದರೆ, ಸಾಮಾನ್ಯವಾಗಿ ಇನ್ನೊಮ್ಮೆ ಮೊದಲಿನಿಂದ ಹೊತ್ತಿಸಲು ಪ್ರಯತ್ನಿಸಿ, ಅದೂ ಆಗದಿದ್ದಾಗ ಕೆಂಪು ದೀಪ ಹಾಕುತ್ತದೆ. ಊರಿನಲ್ಲಿ ಪಂಪ್ ಸ್ಟವ್ ಹೊತ್ತಿಸಿದವರಿಗೆ ಇದು ಹೊಸದೇನಲ್ಲ: ಒತ್ತಡ, ಸಣ್ಣ ರಂಧ್ರ, ಗಾಳಿ, ಬೆಂಕಿ, ಇವುಗಳಲ್ಲಿ ಒಂದು ಕೈಕೊಟ್ಟರೂ ಸ್ಟವ್ ಕೆಮ್ಮುತ್ತದೆ, ಇಲ್ಲಿ ಪಿನ್ನು ಹಾಕಿ ನಿಪ್ಪಲ್ ಬಿಡಿಸುವ ಬದಲು ಯಂತ್ರವೇ ಕೆಂಪು ದೀಪ ಹಾಕಿಕೊಂಡು ಕೂರುತ್ತದೆ.

ನಿಮ್ಮ ವಿವರಣೆಯಲ್ಲಿ ನನಗೆ ಮುಖ್ಯವಾಗಿ ಕಂಡದ್ದು 'ಅರ್ಧ ಗಂಟೆಯ ನಂತರ' ಎಂಬ ಮಾತು. ಶುರುವಿನಲ್ಲೇ ಹೊತ್ತದಿದ್ದರೆ ಕಿಡಿ, ನಾಜಲ್, ಎಲೆಕ್ಟ್ರೋಡುಗಳ ಕಡೆ ಬೆರಳು ತೋರಿಸಬಹುದಿತ್ತು. ಹೊತ್ತಿ ಕೆಲವೇ ಸೆಕೆಂಡಿನಲ್ಲಿ ಆರಿದರೆ ಫೋಟೋಸೆಲ್ ಜ್ವಾಲೆಯನ್ನು ಕಾಣುತ್ತಿಲ್ಲ ಎನ್ನಬಹುದಿತ್ತು. ಚೆನ್ನಾಗಿ ಉರಿದು ಬಹಳ ಹೊತ್ತಿನ ಮೇಲೆ ಆರುವುದಕ್ಕೆ ಮಾತ್ರ ಕಾರಣಗಳು ಕಡಿಮೆ: ಒಂದೋ ಎಣ್ಣೆ ಸಾಕಷ್ಟು ಬರುತ್ತಿಲ್ಲ, ಇಲ್ಲವೇ ಯಾವುದೋ ವಿದ್ಯುತ್ ಭಾಗ ಬಿಸಿಯಾದ ಮೇಲೆ ಕೈಕೊಡುತ್ತಿದೆ, ಅದೂ ಅಲ್ಲವಾದರೆ ಗಾಳಿಯ ದಾರಿಯಲ್ಲಿ ಅಡ್ಡಿಯಿದೆ. ಮೆಕ್ಯಾನಿಕ್ ಬದಲಿಸಿದ ನಾಜಲ್ ಮತ್ತು ಫೋಟೋಸೆಲ್‌ಗಳ ದೋಷ ಅರ್ಧ ಗಂಟೆ ತಾಳ್ಮೆಯಿಂದ ಕಾಯುವುದು ಅಪರೂಪ. ಐದು ನಿಮಿಷ ಉರಿಸಿ ನೋಡಿ ಹೊರಟವರಿಗೆ ಈ ಬಗೆಯ ದೋಷ ಸಿಕ್ಕುವುದೇ ಇಲ್ಲ.

ಎಣ್ಣೆ ತುಂಬಿಸಿದ ಮೇಲೆ ಶುರುವಾಯಿತು ಎಂದಿರಿ. ಹೊಸ ಎಣ್ಣೆ ಕೆಟ್ಟದ್ದೇ ಆಗಿರಬೇಕಿಲ್ಲ. ಸೀಮೆಎಣ್ಣೆ ಲೀಟರಿಗೆ ಸುಮಾರು 0.8 ಕಿಲೋ ತೂಗುವುದರಿಂದ ಟ್ಯಾಂಕಿನೊಳಗೆ ಸೇರಿದ ನೀರು ಯಾವಾಗಲೂ ತಳದಲ್ಲಿ ಕೂರುತ್ತದೆ. ಆ ನೀರು ಮತ್ತು ಎಣ್ಣೆಯ ಗಡಿಯಲ್ಲಿ ಕಪ್ಪು ಲೋಳೆ ಬೆಳೆಯುತ್ತದೆ. ಲಾರಿಯ ಹೋಸ್‌ನಿಂದ ರಭಸವಾಗಿ ಎಣ್ಣೆ ಬಿದ್ದಾಗ ತಳದ ಕೆಸರೆಲ್ಲ ಕದಡಿ ಕೊಳವೆಗೆ ಇಳಿಯುತ್ತದೆ. ಎಣ್ಣೆ ತುಂಬಿಸುವಾಗ ಬಾಯ್ಲರನ್ನು ಆರಿಸಿ, ಆಮೇಲೂ ಒಂದೆರಡು ಗಂಟೆ ಕೆಸರು ತಂಗಲು ಬಿಡಬೇಕೆನ್ನುವುದು ಇದಕ್ಕಾಗಿಯೇ.

ಆದ್ದರಿಂದ ನೀವು ಮೊದಲು ಟ್ಯಾಂಕಿನ ಬುಡದಲ್ಲಿರುವ ಫಿಲ್ಟರನ್ನು ನೋಡಿ. ಬಾಯ್ಲರನ್ನು ಗೋಡೆಯ ಸ್ವಿಚ್ಚಿನಲ್ಲೇ ಆರಿಸಿ, ಟ್ಯಾಂಕಿನ ವಾಲ್ವ್ ಮುಚ್ಚಿ, ಕೆಳಗೆ ಗಾಜಿನ ಜಾಡಿಯೊಂದನ್ನು ಹಿಡಿದು ಫಿಲ್ಟರ್‌ನ ಬಟ್ಟಲನ್ನು ಬಿಚ್ಚಿ ಸುರಿದರೆ ನೀರು ಎಣ್ಣೆ ಬೇರೆಬೇರೆಯಾಗಿ ಕಾಣುತ್ತವೆ. ಫಿಲ್ಟರ್ ಮತ್ತು ಅದರ ರಬ್ಬರ್ ಉಂಗುರ ಎರಡನ್ನೂ ಹೊಸದಾಗಿ ಹಾಕಿ. ಹಳೆಯ ಉಂಗುರವನ್ನೇ ತಿರುಗಿ ಹಾಕಿದರೆ ಅಲ್ಲಿಂದಲೇ ಸೋರುತ್ತದೆ. ಕೊಳವೆಯೊಳಗೆ ಗಾಳಿ ಸೇರಿ ಮೊದಲ ಸಲ ಲಾಕೌಟ್ ಆದರೆ ಗಾಬರಿ ಬೇಡ.

ಒಂದು ಮಾತನ್ನು ಮಾತ್ರ ಕಟ್ಟುನಿಟ್ಟಾಗಿ ಪಾಲಿಸಬೇಕು. ರೀಸೆಟ್ ಗುಂಡಿಯನ್ನು ಎರಡು ಸಲಕ್ಕಿಂತ ಹೆಚ್ಚು ಒತ್ತಬೇಡಿ, ಪ್ರತಿ ಸಲವೂ ಒಂದು ನಿಮಿಷವಾದರೂ ಬಿಡುವು ಕೊಡಿ. ಹೊತ್ತದೆ ಹೋದ ಪ್ರತಿ ಪ್ರಯತ್ನದಲ್ಲೂ ಸ್ವಲ್ಪ ಎಣ್ಣೆ ಒಲೆಯೊಳಗೆ ಸುರಿದು ಉಳಿಯಬಹುದು; ಕೊನೆಗೊಮ್ಮೆ ಕಿಡಿ ಹತ್ತಿದಾಗ ಅದೆಲ್ಲ ಒಟ್ಟಿಗೆ ಭಗ್ಗನೆ ಹೊತ್ತಿ ಮುಚ್ಚಳವನ್ನೇ ಹಾರಿಸೀತು. ಬರ್ನರನ್ನು ಬಿಚ್ಚುವುದು, ಪಂಪ್‌ನ ಒತ್ತಡ ತಿರುಗಿಸುವುದು, ಗಾಳಿಯ ತಿರುಪನ್ನು ಮುಟ್ಟುವುದು ನಿಮ್ಮ ಕೆಲಸವಲ್ಲ. ಅವುಗಳಿಗೆ ಹೊಗೆ ಅಳೆಯುವ ಅನಲೈಸರ್ ಬೇಕು. ಕಿವಿಯಲ್ಲಿ ಕೇಳಿ, ಕಣ್ಣಿನಲ್ಲಿ ನೋಡಿ ಹೊಂದಿಸುವ ಕಾಲ ಹೋಯಿತು.

ಅಥ್ಲೋನ್ ವಾಸಿ

ಇಷ್ಟು ವಿವರವಾಗಿ ಬರೆದದ್ದಕ್ಕೆ ತುಂಬ ಧನ್ಯವಾದಗಳು, ಸರ್. ನೀವು ಹೇಳಿದಂತೆಯೇ ಫಿಲ್ಟರ್ ಬಿಚ್ಚಿದೆ. ಜಾಡಿಯ ತಳದಲ್ಲಿ ಎರಡು ಬೆರಳಷ್ಟು ನೀರು, ಅದರ ಮೇಲೆ ತೆಳುವಾದ ಕಪ್ಪು ಲೋಳೆ, ಅದರ ಮೇಲೆ ತಿಳಿಯಾದ ಎಣ್ಣೆ ಕಂಡಿತು. ಫಿಲ್ಟರ್‌ನ ಬಣ್ಣ ಏನಿತ್ತೆಂಬುದೇ ತಿಳಿಯದಷ್ಟು ಅದು ಕಪ್ಪಾಗಿತ್ತು. ಹೊಸದನ್ನೂ ಹೊಸ ಉಂಗುರವನ್ನೂ ಹಾಕಿ ಹೊತ್ತಿಸಿದಾಗ ಸದ್ದಿನಲ್ಲೇ ವ್ಯತ್ಯಾಸ ಗೊತ್ತಾಯಿತು. ಮೊದಲಿದ್ದ ಗುಡುಗುಡು ಹೋಗಿ ಒಂದೇ ಸಮನೆ ಭೋರ್ಗರೆಯತೊಡಗಿತು. ತೊಂದರೆ ಮುಗಿಯಿತೆಂದೇ ನಾವೆಲ್ಲ ಅಂದುಕೊಂಡೆವು.

ಆದರೆ ಮುಗಿದಿಲ್ಲ. ಈಗಲೂ ಎಡೆಬಿಡದೆ ಉರಿಸಿದರೆ ಅರ್ಧ ಗಂಟೆಯ ಆಸುಪಾಸಿನಲ್ಲಿ ನಿಲ್ಲುತ್ತಿದೆ. ಈ ಸಲ ಪಕ್ಕದಲ್ಲೇ ನಿಂತು ಗಮನಿಸಿದೆ. ಜ್ವಾಲೆಯ ಸದ್ದು ತಗ್ಗುವುದಾಗಲಿ ಕೆಮ್ಮುವುದಾಗಲಿ ಇಲ್ಲ. ಭೋರ್ಗರೆತ ಕತ್ತರಿಸಿದಂತೆ ನಿಲ್ಲುತ್ತದೆ, ಫ್ಯಾನ್ ಮಾತ್ರ ತಿರುಗುತ್ತಿರುತ್ತದೆ, ಸ್ವಲ್ಪ ಹೊತ್ತಿನ ನಂತರ ಅದೂ ನಿಂತು ಕೆಂಪು ದೀಪ ಬರುತ್ತದೆ. ಒಂದು ನಿಮಿಷ ಬಿಟ್ಟು ರೀಸೆಟ್ ಮಾಡಿದರೆ ಫ್ಯಾನ್ ತಿರುಗುತ್ತದೆಯೇ ಹೊರತು ಜ್ವಾಲೆ ಒಂದು ಕ್ಷಣವೂ ಹೊತ್ತುವುದಿಲ್ಲ, ಮೊದಲು ಕೇಳುತ್ತಿದ್ದ 'ಟಕ್' ಸದ್ದೂ ಇಲ್ಲ. ಹಾಗೆಯೇ ಬಿಟ್ಟು ಒಂದು ಗಂಟೆಯ ಮೇಲೆ ರೀಸೆಟ್ ಮಾಡಿದರೆ ಮೊದಲ ಸಲಕ್ಕೇ ಹೊತ್ತಿಕೊಳ್ಳುತ್ತದೆ. ಟೈಮರನ್ನು ಹದಿನೈದು ನಿಮಿಷಕ್ಕಿಟ್ಟು, ಅಷ್ಟೇ ಹೊತ್ತು ಬಿಡುವು ಕೊಟ್ಟು ನಡೆಸಿದರೆ ಒಮ್ಮೆಯೂ ನಿಲ್ಲುವುದಿಲ್ಲ. ಮನೆಯಲ್ಲಿ ಮಕ್ಕಳಿರುವುದರಿಂದ ಸದ್ಯಕ್ಕೆ ಹಾಗೆಯೇ ನಡೆಸುತ್ತಿದ್ದೇವೆ; ಇದರಿಂದ ಅಪಾಯವಿದೆಯೇ?

ಉತ್ತರ 3: ಮೇಯೋ ದಾದಿ

ನಮ್ಮದೂ ಇದೇ ಬಗೆಯ ಹೊರಗಿನ ಬಾಯ್ಲರ್. ಮೆಕ್ಯಾನಿಕ್‌ಗಳು ನೋಡದೆ ಹೋಗುವ ಒಂದೆರಡು ಸಂಗತಿಗಳನ್ನು ಹೇಳುತ್ತೇನೆ. 2025ರ ಜನವರಿ 24ರಂದು ಬಂದ ಏಯೋವಿನ್ ಬಿರುಗಾಳಿ ಯಾರಿಗೆ ತಾನೇ ಮರೆತೀತು? ಗಾಲ್ವೇಯ ಮೇಸ್ ಹೆಡ್‌ನಲ್ಲಿ ಗಾಳಿ ಗಂಟೆಗೆ 184 ಕಿಲೋಮೀಟರ್ ಮುಟ್ಟಿತ್ತು, ದೇಶದಲ್ಲಿ ಏಳೂವರೆ ಲಕ್ಷಕ್ಕೂ ಹೆಚ್ಚು ವಿದ್ಯುತ್ ಗ್ರಾಹಕರು ಕತ್ತಲಲ್ಲಿದ್ದರು. ಟ್ಯಾಂಕ್ ತುಂಬ ಎಣ್ಣೆ ಇದ್ದರೂ ಫ್ಯಾನ್ ತಿರುಗಿಸಲು ಕರೆಂಟಿಲ್ಲದೆ ನಾವು ಕೋಟು ಹಾಕಿಕೊಂಡು ಮಲಗಿದ್ದೆವು. ಕರೆಂಟು ಬಂದ ಮೇಲೂ ಬಾಯ್ಲರ್ ಸರಿಯಾಗಿ ಉರಿಯಲಿಲ್ಲ. ನೋಡಿದರೆ ಗಾಳಿಗೆ ತಗಡಿನ ಮುಚ್ಚಳ ಸರಿದು, ಹೊಗೆ ಹೊರಗೆ ಹೋಗುವ ಫ್ಲೂ ಕೊಳವೆಯ ಕೀಲು ಬಿಟ್ಟಿತ್ತು. ಹೊರಗೆ ಹೋಗಬೇಕಾದ ಹೊಗೆಯನ್ನೇ ಬರ್ನರ್ ಮತ್ತೆ ಒಳಗೆಳೆದುಕೊಂಡು ಉಸಿರುಗಟ್ಟುತ್ತಿತ್ತು. ನಿಮ್ಮ ಫ್ಲೂ ಬಾಯಿಗೆ ಗಿಡಬಳ್ಳಿ ಅಡ್ಡ ಬೆಳೆದಿದೆಯೇ, ಕಸದ ಡಬ್ಬಿಗಳನ್ನು ಯಾರಾದರೂ ಅದರ ಮುಂದೆ ತಂದು ನಿಲ್ಲಿಸಿದ್ದಾರೆಯೇ ನೋಡಿಕೊಳ್ಳಿ. ಪೆಟ್ಟಿಗೆಯೊಳಗೆ ಇಲಿಯ ಹಿಕ್ಕೆ, ಕಚ್ಚಿದ ವೈರು ಕಂಡರೆ ಆ ವೈರನ್ನು ನೀವು ಮುಟ್ಟಬೇಡಿ. ಚಳಿಗಾಲದಲ್ಲಿ ಹಿತ್ತಿಲಿನ ಇಲಿಗಳಿಗೆ ಇಷ್ಟು ಬೆಚ್ಚನೆಯ ಬಿಡಾರ ಬೇರೆಲ್ಲೂ ಸಿಗುವುದಿಲ್ಲ.

ಇನ್ನೊಂದು ವಿಚಾರವನ್ನು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳಾಗಿ ಹೇಳಬೇಕು. ಬಾಯ್ಲರ್ ಹೊರಗಿದೆ ಎಂದು ಕಾರ್ಬನ್ ಮೊನಾಕ್ಸೈಡ್ ಅಲಾರಂ ಬೇಡವೆಂದುಕೊಳ್ಳಬೇಡಿ. ಅರೆಬರೆ ಉರಿದ ಬರ್ನರ್‌ನ ಹೊಗೆ ಫ್ಲೂ ಪಕ್ಕದ ಕಿಟಕಿಯಿಂದಲೋ ಗೋಡೆಯಲ್ಲಿ ಕೊಳವೆ ಹಾಯ್ದ ಸಂದಿನಿಂದಲೋ ಒಳಗೆ ಬರಬಹುದು. ಆ ಅನಿಲಕ್ಕೆ ವಾಸನೆಯಿಲ್ಲ. ಮನೆಯವರಿಗೆಲ್ಲ ಒಟ್ಟಿಗೆ ತಲೆನೋವು, ತಲೆಸುತ್ತು, ವಾಕರಿಕೆ ಬಂದು, ಹೊರಗೆ ಹೋದಾಗ ಅದು ಕಡಿಮೆಯಾದರೆ ಅದನ್ನು ಜ್ವರವೆಂದು ತಳ್ಳಿಹಾಕದೆ ಬಾಯ್ಲರ್ ಆರಿಸಿ, ಎಲ್ಲರೂ ಹೊರಗೆ ಬಂದು 112ಕ್ಕೆ ಕರೆ ಮಾಡಿ.

ಉತ್ತರ 4: ಗಾಲ್ವೇ ಬರ್ನರ್ ಕೆಲಸದವ

ಅಕ್ಕನವರು ಹೇಳಿದ ಫ್ಲೂ ವಿಚಾರ ನಿಜ. ನಾನು ಅದನ್ನು ಒಂದೇ ಮಾತಿನಲ್ಲಿ ದಾಟಿಸಿಬಿಟ್ಟಿದ್ದೆ. ಆದರೆ ಗಾಳಿ ಸಾಲದಿದ್ದರೆ ಮಸಿ ಬರುತ್ತದೆ, ಎಣ್ಣೆಯ ಗಬ್ಬು ವಾಸನೆ ಬರುತ್ತದೆ, ಉರಿ ಏರಿಳಿಯುತ್ತದೆ, ಗಾಳಿ ಬೀಸುವ ದಿಕ್ಕಿನ ಮೇಲೆ ದೋಷ ಹೆಚ್ಚು ಕಡಿಮೆಯಾಗುತ್ತದೆ. ಅಥ್ಲೋನಿನವರ ವಿವರಣೆಯಲ್ಲಿ ಇವು ಯಾವುವೂ ಇಲ್ಲ.

ನೀವು ಪಕ್ಕದಲ್ಲಿ ನಿಂತು ಕೇಳಿ ಬರೆದ ನಾಲ್ಕು ಸಾಲು ಮೆಕ್ಯಾನಿಕ್‌ಗೆ ಅನಲೈಸರ್‌ನಷ್ಟೇ ಉಪಯುಕ್ತ. ಎಣ್ಣೆ ಸಾಲದೆ ಆರುವ ಜ್ವಾಲೆ ಹಾಗೆ ಕತ್ತರಿಸಿದಂತೆ ನಿಲ್ಲುವುದಿಲ್ಲ. ತಡವರಿಸಿ, ಎರಡು ಸಲ ಕೆಮ್ಮಿ ಆರುತ್ತದೆ. ಫಿಲ್ಟರ್ ಬದಲಿಸುವ ಮೊದಲು ನಿಮಗೆ ಕೇಳುತ್ತಿದ್ದ ಗುಡುಗುಡು ಅದರದ್ದೇ ಇರಬೇಕು, ಅದು ಈಗ ಹೋಗಿದೆ. ಲೆಕ್ಕ ಹಾಕಿದರೂ ಅದು ಒಪ್ಪುತ್ತದೆ: ಮನೆಗಳಲ್ಲಿ ಸಾಮಾನ್ಯವಾದ 0.60 ಅಳತೆಯ ನಾಜಲ್ ಎಂಟು ಬಾರ್ ಆಸುಪಾಸಿನ ಒತ್ತಡದಲ್ಲಿ ಗಂಟೆಗೆ ಎರಡೂವರೆ ಲೀಟರಿನಷ್ಟು ಎಣ್ಣೆ ಉಡಾಯಿಸುತ್ತದೆ, ಎಂದರೆ ನಿಮಿಷಕ್ಕೆ ನಲವತ್ತು ಮಿಲಿಲೀಟರ್. ಶುಭ್ರವಾದ ಫಿಲ್ಟರ್‌ನಿಂದ ಅಷ್ಟು ಇಳಿದು ಬರುವುದು ಏನೂ ಕಷ್ಟವಲ್ಲ.

ಫೋಟೋಸೆಲ್ ದೋಷವೂ ಜ್ವಾಲೆಯನ್ನು ಒಮ್ಮೆಲೇ ನಿಲ್ಲಿಸುತ್ತದೆ. ಆದರೆ ರೀಸೆಟ್ ಮಾಡಿದಾಗ ಎಣ್ಣೆ ಚಿಮ್ಮಿ ಜ್ವಾಲೆ ಹೊತ್ತಬೇಕು, ಕೆಲವು ಸೆಕೆಂಡಿನ ಮೇಲೆ ಆರಬೇಕು. ನಿಮ್ಮಲ್ಲಿ ಜ್ವಾಲೆ ಹೊತ್ತುವುದೇ ಇಲ್ಲ, ವಾಲ್ವ್ ಏಳುವ ಸದ್ದೂ ಇಲ್ಲ, ಆದರೆ ತಣ್ಣಗಾದ ಮೇಲೆ ಎಲ್ಲವೂ ಸರಿ. ಆದ್ದರಿಂದ ನನ್ನ ಅನುಮಾನ ಸೊಲೆನಾಯ್ಡ್ ಕಾಯಿಲ್ ಮೇಲೆ. ಅದರೊಳಗಿನ ಕೂದಲೆಳೆಯಂಥ ತಂತಿ ಎಲ್ಲಿಯೋ ಬಿರುಕು ಬಿಟ್ಟಿದ್ದರೆ, ತಣ್ಣಗಿರುವಾಗ ತುದಿಗಳು ಕೂಡಿಕೊಂಡಿರುತ್ತವೆ. ಬಿಸಿಯೇರಿ ಹಿಗ್ಗಿದಾಗ ಬೇರ್ಪಡುತ್ತವೆ, ವಾಲ್ವ್ ಬಿದ್ದುಬಿಡುತ್ತದೆ. ಕಂಟ್ರೋಲ್ ಬಾಕ್ಸ್ ಬಿಸಿಯಾಗಿ ಕಾಯಿಲ್‌ಗೆ ವಿದ್ಯುತ್ ಕೊಡದೆ ಇರುವುದೂ ಸಾಧ್ಯ. ಎರಡರಲ್ಲಿ ಯಾವುದೆಂದು ಕೂತಲ್ಲೇ ಹೇಳಲಾಗದು, ಹೇಳಿದರೆ ಅದು ಕಣಿ ಹೇಳಿದಂತಾದೀತು.

ಈ ಸಲ ಆಫ್ಟೆಕ್ (ಎಣ್ಣೆ ಬಾಯ್ಲರ್ ಕೆಲಸದವರನ್ನು ನೋಂದಾಯಿಸುವ ಸಂಸ್ಥೆ) ನೋಂದಣಿ ಇರುವವರನ್ನು ಕರೆಸಿ, ಮೇಲಿನ ವಿವರವನ್ನು ಹಾಗೆಯೇ ಹೇಳಿ, ಒಂದು ಗಂಟೆ ಸಮಯ ಇಟ್ಟುಕೊಂಡು ಬರಲು ಕೇಳಿ. ಅವರು ಪಂಪ್‌ಗೆ ಒತ್ತಡದ ಗೇಜ್ ಜೋಡಿಸಿ ಬಾಯ್ಲರನ್ನು ಉರಿಯಲು ಬಿಡಬೇಕು. ಜ್ವಾಲೆ ಆರುವ ಕ್ಷಣದಲ್ಲಿ ಮುಳ್ಳು ಕುಸಿದರೆ ಅಥವಾ ನಡುಗಿದರೆ ದೋಷ ಎಣ್ಣೆಯ ದಾರಿಯಲ್ಲಿದೆ: ಕೊಳವೆಯಲ್ಲೋ, ಬೆಂಕಿ ಬಿದ್ದರೆ ಎಣ್ಣೆಯನ್ನು ತಾನಾಗಿ ಮುಚ್ಚುವ ಫೈರ್ ವಾಲ್ವಿನಲ್ಲೋ, ಪಂಪಿನಲ್ಲೋ ಇರಬಹುದು. ಮುಳ್ಳು ಕದಲದೆ ಜ್ವಾಲೆ ಮಾತ್ರ ಆರಿದರೆ ವಾಲ್ವ್ ಮುಚ್ಚಿಕೊಂಡಿದೆ ಎಂದರ್ಥ. ಆಗ ಕಾಯಿಲ್‌ಗೆ ವಿದ್ಯುತ್ ಬರುತ್ತಿದೆಯೇ ಎಂದು ಅಳೆದರೆ ಕಾಯಿಲೋ ಕಂಟ್ರೋಲ್ ಬಾಕ್ಸೋ ಎಂಬುದು ತೀರ್ಮಾನವಾಗುತ್ತದೆ. ಹಾಗೆ ಅಳೆಯದೆ ಒಂದೊಂದೇ ಭಾಗ ಬದಲಿಸುತ್ತ ಹೋಗುವುದಕ್ಕೆ ರಿಪೇರಿ ಎನ್ನುವುದಿಲ್ಲ. ಅದರ ಖರ್ಚೆಲ್ಲ ಮನೆಯವರ ತಲೆಗೆ.

ಹೊಸ ಬಾಯ್ಲರ್ ಬೇಕೇ ಎಂದು ಕೇಳಿದ್ದಿರಿ. ನೀರು ಸೋರದ, ಒಳಗಿನ ಉಕ್ಕು ಗಟ್ಟಿಯಾಗಿರುವ ಹನ್ನೆರಡು ವರ್ಷದ ಬಾಯ್ಲರನ್ನು ಬರ್ನರ್ ದೋಷಕ್ಕಾಗಿ ಕಿತ್ತೆಸೆಯುವುದು ನನ್ನ ಮಟ್ಟಿಗೆ ಒಪ್ಪತಕ್ಕ ಸಲಹೆಯಲ್ಲ. ಹದಿನೈದು ನಿಮಿಷದ ಸರದಿಯಲ್ಲಿ ಕೆಲವು ದಿನ ನಡೆಸಬಹುದು, ಹೊಗೆ ಅಥವಾ ವಾಸನೆ ಕಂಡರೆ ಮಾತ್ರ ಬೇಡ. ಲಾಕೌಟ್ ಆದಾಗ ರೀಸೆಟ್ ಒತ್ತುವ ಕೆಲಸವನ್ನು ಮಾತ್ರ ಮಕ್ಕಳಿಗೆ ಹೇಳಬೇಡಿ.

ಅಥ್ಲೋನ್ ವಾಸಿ

ಮುಂದೆ ಇದೇ ತೊಂದರೆ ಬಂದವರಿಗೆ ಉಪಯೋಗವಾಗಲೆಂದು ಏನಾಯಿತೆಂಬುದನ್ನು ಬರೆಯುತ್ತಿದ್ದೇನೆ. ಪಕ್ಕದ ಊರಿನ ಇನ್ನೊಬ್ಬ ಮೆಕ್ಯಾನಿಕ್‌ಗೆ ಫೋನಿನಲ್ಲೇ ಎಲ್ಲವನ್ನೂ ವಿವರಿಸಿದೆ. ಅವರು ಬಂದವರೇ ಗೇಜ್ ಜೋಡಿಸಿ, ಚಹಾ ಕುಡಿಯುತ್ತ ಕಾದರು. ಮುಳ್ಳು ಎಂಟು ಬಾರ್‌ನ ಮೇಲೆ ಅಲುಗದೆ ನಿಂತಿತ್ತು. ಜ್ವಾಲೆ ಫಕ್ಕನೆ ಆರಿತು, ಮುಳ್ಳು ಮಾತ್ರ ಅಲ್ಲಿಯೇ ಇತ್ತು. ರೀಸೆಟ್ ಮಾಡಿ ನೋಡಿದಾಗ ಕಾಯಿಲ್‌ಗೆ ವಿದ್ಯುತ್ ಸರಿಯಾಗಿಯೇ ಬರುತ್ತಿತ್ತು. ಮೇನ್ ಆರಿಸಿ ಕಾಯಿಲನ್ನು ಕಳಚಿ ಮೀಟರ್ ಹಿಡಿದರೆ ಸರ್ಕಿಟ್ಟೇ ಇಲ್ಲ. ಅದನ್ನು ಹಿತ್ತಿಲಿನ ತಣ್ಣನೆಯ ಕಲ್ಲಿನ ಮೇಲಿಟ್ಟು ಹತ್ತು ನಿಮಿಷ ಬಿಟ್ಟು ಮತ್ತೆ ಅಳೆದಾಗ ಮೀಟರ್ ರೀಡಿಂಗ್ ತೋರಿಸಿತು. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಕಪ್ಪು ಉಂಡೆ; ಹೊರಗಿನಿಂದ ನೋಡಿದರೆ ಅದರಲ್ಲಿ ಏನೂ ಐಬು ಕಾಣುವುದಿಲ್ಲ.

ಕಾಯಿಲ್ ಬದಲಿಸಿದ ಮೇಲೆ ಅವರು ಅಷ್ಟಕ್ಕೇ ಬಿಡಲಿಲ್ಲ. ಬರ್ನರ್‌ಗೆ ಎಣ್ಣೆ ತರುವ ರಬ್ಬರ್ ಹೋಸ್ ಬಾಗಿದಲ್ಲಿ ಬಿರುಕು ಬಿಟ್ಟಿದ್ದನ್ನು ತೋರಿಸಿ ಅದನ್ನೂ ಬದಲಿಸಿದರು. ಫ್ಲೂನಲ್ಲಿ ಅನಲೈಸರ್ ಕೊಳವೆ ಇಟ್ಟು ಗಾಳಿಯನ್ನು ಹೊಂದಿಸಿ, ಕಾರ್ಬನ್ ಡೈಆಕ್ಸೈಡ್ ಶೇಕಡ 11.5, ಸ್ಮೋಕ್ ನಂಬರ್ (ಹೊಗೆಯಲ್ಲಿನ ಮಸಿಯ ಅಳತೆ) 0 ಎಂದು ಬರೆದ ಚೀಟಿಯನ್ನು ಕೊಟ್ಟುಹೋದರು. ಅಂದಿನಿಂದ ಸಂಜೆಯ ಹೊತ್ತು ಎರಡು ಮೂರು ಗಂಟೆ ಒಂದೇ ಸಮನೆ ಉರಿದರೂ ನಿಂತಿಲ್ಲ. ಮೇಯೋ ಅಕ್ಕನವರ ಮಾತಿನಂತೆ ಅಡುಗೆಮನೆಯಲ್ಲಿ ಅಲಾರಂ ಹಾಕಿಸಿದ್ದೇವೆ. ಫ್ಲೂ ಬಾಯಿಗೆ ಬರುತ್ತಿದ್ದ ಐವಿ ಬಳ್ಳಿಯನ್ನೂ ಸವರಿ ತೆಗೆದಿದ್ದೇನೆ.

ಉಳಿದಿರುವುದು ಟ್ಯಾಂಕಿನ ನೀರಿನ ಪ್ರಶ್ನೆ. ಫಿಲ್ಟರ್‌ನಲ್ಲಿ ಕಂಡಷ್ಟೇ ಇದೆಯೋ, ತಳದಲ್ಲಿ ಇನ್ನೂ ಇದೆಯೋ ತಿಳಿಯುವುದು ಹೇಗೆ?

ಉತ್ತರ 5: ಗಾಲ್ವೇ ಬರ್ನರ್ ಕೆಲಸದವ

ಒಳ್ಳೆಯ ಮೆಕ್ಯಾನಿಕ್ ಸಿಕ್ಕಿದ್ದಾರೆ, ಅವರ ನಂಬರನ್ನು ಜೋಪಾನ ಮಾಡಿಕೊಳ್ಳಿ. ಮುಂದಿನ ವರ್ಷದ ಸರ್ವೀಸಿಗೆ ಆಗಸ್ಟಿನಲ್ಲೇ ಕರೆಯಿರಿ. ಮೊದಲ ಹಿಮ ಬಿದ್ದ ವಾರ ನಾವು ಯಾರೂ ಫೋನ್ ಎತ್ತುವ ಸ್ಥಿತಿಯಲ್ಲಿರುವುದಿಲ್ಲ.

ನೀರನ್ನು ಪತ್ತೆಮಾಡುವ ಪೇಸ್ಟ್ ಒಂದು ಬರುತ್ತದೆ. ಉದ್ದನೆಯ ಕೋಲಿನ ತುದಿಗೆ ಅದನ್ನು ತೆಳ್ಳಗೆ ಸವರಿ ಟ್ಯಾಂಕಿನ ತಳ ಮುಟ್ಟುವವರೆಗೆ ಇಳಿಸಿ, ಸ್ವಲ್ಪ ಹೊತ್ತು ಹಿಡಿದು ಮೇಲೆತ್ತಿದರೆ ನೀರು ತಾಗಿದಷ್ಟು ಎತ್ತರಕ್ಕೆ ಅದರ ಬಣ್ಣ ಬದಲಾಗಿರುತ್ತದೆ. ನೀರು ಸ್ವಲ್ಪವೇ ಇದ್ದರೆ ಹೀರುವ ಚೀಲಗಳನ್ನು ಇಳಿಬಿಟ್ಟು ತೆಗೆಯಬಹುದು. ಕೊಳವೆ ಹೊರಡುವ ಮಟ್ಟದವರೆಗೂ ಬಂದಿದ್ದರೆ ತಳದಿಂದ ಪಂಪ್ ಮಾಡಿಸಬೇಕಾಗುತ್ತದೆ. ತೆಗೆದ ನೀರಿನಲ್ಲಿ ಎಣ್ಣೆ ಬೆರೆತಿರುವುದರಿಂದ ಅದನ್ನು ಚರಂಡಿಗೂ ಹಿತ್ತಿಲಿಗೂ ಸುರಿಯಬಾರದು. ಕೌನ್ಸಿಲ್‌ನ ರೀಸೈಕ್ಲಿಂಗ್ ಕೇಂದ್ರದಲ್ಲಿ ವಿಚಾರಿಸಿ. ನಿಮ್ಮ ಭಾಗದಲ್ಲಿ ಬಾವಿಯ ನೀರು ಕುಡಿಯುವ ಮನೆಗಳಿದ್ದರೆ ಇದು ಇನ್ನೂ ಮುಖ್ಯ.

ತೆಗೆದ ಮೇಲೆ ನೀರು ಎಲ್ಲಿಂದ ಬಂತೆಂದು ಹುಡುಕದಿದ್ದರೆ ಮುಂದಿನ ಮಳೆಗಾಲಕ್ಕೆ, ಎಂದರೆ ಐರ್ಲೆಂಡಿನಲ್ಲಿ ಮುಂದಿನ ವಾರಕ್ಕೆ, ಮತ್ತೆ ಸೇರಿರುತ್ತದೆ. ತುಂಬಿಸುವ ಬಾಯಿಯ ಮುಚ್ಚಳದ ರಬ್ಬರ್ ಒಣಗಿ ಸೀಳಿರುವುದು, ಗಾಳಿಯಾಡುವ ತೂತಿನ ಟೋಪಿ ಕಳಚಿರುವುದು, ಬಿಸಿಲಿಗೆ ಪ್ಲಾಸ್ಟಿಕ್ಕಿನ ಮೇಲ್ಭಾಗದಲ್ಲಿ ಕೂದಲೆಳೆಯ ಬಿರುಕು ಬಿಟ್ಟಿರುವುದು, ಈ ಮೂರನ್ನೂ ನೋಡಿ. ಬಿರುಕಿದ್ದರೆ ಅಂಟು ಹಚ್ಚಿ ಕೂರಬೇಡಿ, ಟ್ಯಾಂಕನ್ನೇ ಬದಲಿಸಬೇಕು. ಮುಚ್ಚಳದ ರಬ್ಬರ್ ಆಗಿದ್ದರೆ ಮುಂದಿನ ಲಾರಿ ಬರುವ ಮೊದಲೇ ಹೊಸದನ್ನು ಹಾಕಿಸಿ, ಒಂದು ತಿಂಗಳು ಬಿಟ್ಟು ಫಿಲ್ಟರ್‌ನ ಬಟ್ಟಲನ್ನು ಇನ್ನೊಮ್ಮೆ ಬಿಚ್ಚಿ ನೋಡಿ.